ತುರ್ತು ಚೀಲಕ್ಕೊಂದು ಕಾಗದ

…ಅಲ್ಲಾ, ಸೀಟಿ ಯಾಕೆ ಅಂತ ಕೇಳ್ದೆ, ಅಷ್ಟೆ! ಕೇಳಿದ್ದೂ ತಪ್ಪಾ? ನಮ್ಮ ಗುಬ್ಬಿಗೆ ಸೀಟಿ ಬೇರೆ ಬೇಕಾ? ಎರಡನೇ ಕ್ಲಾಸಿನ ಹುಡುಗಿ, ಬಾಯಿ ತೆಗೆದ್ರೆ ಹಿಂದಿನ ಬೀದಿ ನಾಯಿಗಳೆಲ್ಲ ಎದ್ದು ಕೂರ್ತವೆ. ಅವಳ ಕೈಗೆ ಸೀಟಿನೂ ಕೊಟ್ಟುಬಿಟ್ರೆ ಬರೋ ಪ್ರವಾಹ ಅರ್ಧ ದಾರಿಯಿಂದಲೇ ವಾಪಸ್ ಹೋಗುತ್ತೆ ಬಿಡು. ಸರಿ ಸರಿ… ಹಾಗೆ ನೋಡ್ಬೇಡ. ಹಾಕ್ದೆ. ಸೀಟಿ, ಒಂದು. ಟಿಕ್ ಹಾಕ್ಕೋ ತಾಯಿ.

ಮುಂದಿಂದು ಓದು. ಓದಲ್ವಾ? ಬೆಳಗ್ಗೆಯಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯ. ಕೊಡು ಇಲ್ಲಿ, ನಾನೇ ಓದ್ತೀನಿ. ವಾರಕ್ಕೊಂದು ದಿನ ನನ್ನ ಅಂಗಡಿಗೆ ರಜ, ಅಪರೂಪಕ್ಕೆ ಅವತ್ತೇ ನಿನ್ನ ಆಸ್ಪತ್ರೆ ಲ್ಯಾಬಿಗೂ ರಜ. ಮಗಳು ಸ್ಕೂಲಿಗೆ ಹೋಗಿದಾಳೆ. ಗಂಡ ಹೆಂಡ್ತಿ ಕೂತು ನಾಲ್ಕು ಮಾತಾಡೋಣ ಅಂದ್ರೆ… ಹೂಂ! ಪ್ರಳಯಕ್ಕೆ ಗಂಟುಮೂಟೆ ಕಟ್ತಾ ಇದೀವಿ.

‘ಮಾನ್ಯ ಪೋಷಕರೇ.’ ಶುರುವಾಯ್ತು. ಹೆಡ್ ಮೇಡಂ ‘ಮಾನ್ಯ’ ಅಂದ್ರೆ ಏನೋ ಒಂದು ಕೆಲಸ ನಮ್ಮ ತಲೆಗೆ ಕಟ್ತಿದಾರೆ ಅಂತಲೇ ಲೆಕ್ಕ. ‘ಕಳೆದ ವರ್ಷದ ನೆರೆಯ ಅನುಭವದ ಹಿನ್ನೆಲೆಯಲ್ಲಿ ಪ್ರತಿಯೊಂದು ಮಗುವಿಗೂ ಒಂದು ತುರ್ತು ಚೀಲವನ್ನು ಸಿದ್ಧಪಡಿಸಿ ಕಳುಹಿಸತಕ್ಕದ್ದು. ಚೀಲವು ತರಗತಿಯ ಗೂಟದಲ್ಲಿ ವರ್ಷವಿಡೀ ಇರತಕ್ಕದ್ದು.’ ಇರತಕ್ಕದ್ದಂತೆ! ಹೋದ ವರ್ಷ ಹೊಳೆ ಕ್ಲಾಸಿನೊಳಗೆ ಬಂದು ಬೆಂಚಿನ ಮೇಲೆ ಕೂತಾಗ ಇವರೇನು ಮಾಡ್ತಿದ್ರು ಕೇಳು. ಫೋನ್ ಹಿಡ್ಕೊಂಡು ಕೂತಿದ್ರು. ‘ಬನ್ನಿ, ನಿಮ್ಮ ನಿಮ್ಮ ಮಕ್ಕಳನ್ನ ಕರ್ಕೊಂಡು ಹೋಗಿ’ ಅಂತ. ಈಗ ನೋಡಿದ್ರೆ ಅನುಭವ, ಹಿನ್ನೆಲೆ.

ನೀರಿನ ಬಾಟಲಿ, ಎರಡು. ಹಾಕ್ದೆ. ಊರೆಲ್ಲ ನೀರಾದಾಗ ಬೇಕಾಗಿರೋದೇ ಅದು ನೋಡು, ನೀರು! ಟಾರ್ಚು. ಮಳೆಕೋಟು. ಉಲ್ಲನ್ ಟೋಪಿ. ಕಾಲುಚೀಲ, ಎರಡು ಜೊತೆ. ಎಲ್ಲದರ ಮೇಲೂ ಹೆಸರು ಬರೆದು ಚೀಟಿ ಹೊಲಿದಿದೀಯ… ಕಾಲುಚೀಲಕ್ಕೂನಾ? ಎಡಗಾಲು ಬಲಗಾಲು ಅಂತಲೂ ಬರೀಬೇಕಿತ್ತು. ‘ಬಿಸ್ಕತ್ತು ಒಂದು ಪ್ಯಾಕೆಟ್. ಮಗುವಿಗೆ ಇಷ್ಟವಾಗುವ, ಆದರೆ ಅತಿಯಾಗಿ ಇಷ್ಟವಾಗದ ಬಿಸ್ಕತ್ತು ಆಗಿರಲಿ.’ ಇದನ್ನ ಬರೆದ ಮಹಾನುಭಾವರು ಯಾರೇ ಆಗಿರ್ಲಿ, ಮಕ್ಕಳನ್ನ ಸಾಕಿದಾರೆ ಕಣೇ. ತುಂಬ ಇಷ್ಟದ್ದು ಕೊಟ್ರೆ ಮಾರನೇ ದಿನವೇ ಪ್ರವಾಹ ಬಂತು ಅಂತ ತಿಂದು ಮುಗಿಸ್ತಾರೆ.

ನಿನ್ನೆ ಗೇಟಿನ ಹತ್ರ ಹಲ್ಲಿನ ಡಾಕ್ಟ್ರು ಸಿಕ್ಕಿದ್ರು. ಅದೇ, ಗುಬ್ಬಿ ಪಕ್ಕ ಕೂರೋ ಆ ಸಣಕಲನ ಅಪ್ಪ. ಅವರು ಮಗನ ಚೀಲಕ್ಕೆ ಏನೇನು ತುಂಬಿದಾರೆ ಗೊತ್ತಾ? ಹಗ್ಗ, ದಿಕ್ಸೂಚಿ, ಮಡಚೋ ಸಲಿಕೆ! ಏಳು ವರ್ಷದ ಹುಡುಗ ಸಲಿಕೆ ಹಿಡ್ಕೊಂಡು ಸುರಂಗ ತೋಡ್ತಾನೇನೋ. ‘ಡಾಕ್ಟ್ರೇ, ಹಲ್ಲು ಕೀಳೋ ಇಕ್ಕಳ ಒಂದು ಮರೆತಿದೀರಿ’ ಅಂದೆ. ನಗಲಿಲ್ಲ ಮನುಷ್ಯ. ‘ನಮ್ಮದು ನಾವು ನೋಡ್ಕೋಬೇಕಲ್ಲ’ ಅಂದು ಹೊರಟೇ ಹೋದ್ರು. ನೀನೂ ನಗ್ತಿಲ್ಲ. ಒಳ್ಳೇ ಜೋಕು ಕಣೇ ಅದು!

ಹಾಂ, ಇಲ್ಲಿ ನೋಡು. ಪಟ್ಟಿಯಲ್ಲಿಲ್ಲ, ಆದ್ರೂ ನಮ್ಮ ಕಡೆಯಿಂದ ಒಂದು ಹೆಚ್ಚಿಂದು. ವಾಚು! ನೀಲಿ ಬೆಲ್ಟು, ಡಯಲ್ ಮೇಲೆ ಮೀನಿನ ಚಿತ್ರ. ನಿನ್ನೆ ಕೂತು ಒಳಗಿಂದೆಲ್ಲ ಬಿಚ್ಚಿ, ಎಣ್ಣೆ ಹಾಕಿ, ಹೊಸ ಬ್ಯಾಟರಿ ಹಾಕಿ ತಂದಿದೀನಿ. ಮೂರು ವರ್ಷ ಮುಟ್ಟಂಗಿಲ್ಲ. ಅವಳಪ್ಪ ವಾಚ್ ರಿಪೇರಿಯವನು ಅಂತ ಸ್ಕೂಲಿಗೂ ಗೊತ್ತಾಗ್ಲಿ. ಚೀಲದಲ್ಲಿ ಇದ್ರೆ, ಪಾಪ, ಎಷ್ಟು ಹೊತ್ತಾಯ್ತು ಅಂತಾದ್ರೂ ಮಗು ನೋಡ್ಕೋಬಹುದು…

ಯಾಕೆ? ಯಾಕೆ ಹೊರಗೆ ತೆಗೆದೆ? ಭಾರ ಆಗುತ್ತಾ? ಬಿಸ್ಕತ್ತಿಗಿಂತ ಹಗುರ ಇದೆ! ಚೆನ್ನಾಗಿಲ್ವಾ? ಆಯ್ತಮ್ಮಾ, ಬೇಡ. ಮೇಜಿನ ಮೇಲೆ ಇರ್ಲಿ. ಈ ಮನೇಲಿ ನನ್ನ ಕೆಲಸಕ್ಕೆ ಬೆಲೆ ಇಲ್ಲ, ಅದು ಹೊಸ ವಿಷಯ ಏನಲ್ಲ.

ಮುಂದೆ. ‘ಧೈರ್ಯ ಪತ್ರ.’ ಇದೇನಿದು? ‘ಪೋಷಕರು ತಮ್ಮ ಕೈಬರಹದಲ್ಲಿ ಮಗುವಿಗೆ ಧೈರ್ಯ ತುಂಬುವ ನಾಲ್ಕು ಸಾಲು ಬರೆದು ಲಕೋಟೆಯಲ್ಲಿಡುವುದು. ತುರ್ತು ಸಂದರ್ಭದಲ್ಲಿ ಶಿಕ್ಷಕಿಯರು ಅದನ್ನು ಮಗುವಿಗೆ ಓದಿ ಹೇಳುವರು.’ ಅಯ್ಯೋ! ಹೊರಗೆ ನೀರು ಭೋರ್ಗರೀತಾ ಇರುತ್ತೆ, ಟೀಚರಮ್ಮ ಕನ್ನಡಕ ಹುಡುಕ್ಕೊಂಡು, ಒಬ್ಬೊಬ್ಬರ ಲಕೋಟೆ ಒಡೆದು ಓದ್ತಾ ಕೂರ್ತಾರಾ? ನಲವತ್ತು ಮಕ್ಕಳು! ಕೊನೇ ಮಗುವಿನ ಧೈರ್ಯ ಬರೋ ಹೊತ್ತಿಗೆ ಮುಂದಿನ ವರ್ಷದ ಮಳೆಗಾಲ ಬಂದಿರುತ್ತೆ.

ನೀನೇ ಬರಿ. ನಿನ್ನ ಅಕ್ಷರ ಚೆನ್ನಾಗಿದೆ. ಏನು? ನನ್ನ ಮುಂದೆ ಯಾಕೆ ತಳ್ತೀಯ? ನಾನು ಬರೀಬೇಕಾ? ನಾನು ಜನ್ಮದಲ್ಲಿ ಬರೆದಿದ್ದು ರಸೀತಿ ಮಾತ್ರ. ‘ಗಾಜು ಬದಲಿಸಿದೆ, ಶುಕ್ರವಾರ ಬನ್ನಿ.’ ಹಾಗೇ ಬರೀಲಾ? ‘ಗುಬ್ಬಿ ಅವರಿಗೆ, ಧೈರ್ಯ ತುಂಬಲಾಗಿದೆ, ಶುಕ್ರವಾರ ಬನ್ನಿ.’

ಸರಿ, ತಮಾಷೆ ಬಿಟ್ಟೆ. ಕೊಡು ಪೆನ್ನು. ‘ಮುದ್ದು ಗುಬ್ಬೀ, ಜೀವನದಲ್ಲಿ ಕಷ್ಟಗಳು ಬರುತ್ತವೆ…’ ಥೂ, ಬೀಳ್ಕೊಡುಗೆ ಭಾಷಣದ ಹಾಗಿದೆ. ಹೊಡೆದು ಹಾಕ್ದೆ. ‘ಗುಬ್ಬೀ, ಟೀಚರ್ ಹೇಳಿದ ಮಾತು ಕೇಳು. ಕಿಟಕಿ ಹತ್ರ ಹೋಗ್ಬೇಡ. ಮೂಗಿಗೆ ಬೆರಳು ಹಾಕ್ಬೇಡ…’ ಬೇಡ್ವಾ? ಹೂಂ. ಚಿಕ್ಕದಾಗಿ, ಮನಸ್ಸಿಗೆ ತಟ್ಟೋ ಹಾಗೆ ಒಂದು ಬರೀತೀನಿ ನೋಡು. ‘ಗುಬ್ಬೀ, ಹೆದರಬೇಡ. ಅಪ್ಪ ಹೊರಟಾಯ್ತು. ಇನ್ನೇನು ಬಂದುಬಿಟ್ಟೆ.’ ಹೇಗೆ?

ನಕ್ಕೆ ನೀನು. ಇಲ್ಲ, ಈಗ ನಕ್ಕೆ. ಮೂಗಲ್ಲಿ ನಕ್ಕೆ, ನಂಗೆ ಕೇಳಿಸ್ತು. ಹಲ್ಲಿನ ಡಾಕ್ಟ್ರ ಜೋಕಿಗೆ ನಗದವಳು ಇದಕ್ಕೆ ಯಾಕೆ ನಗ್ತೀಯ? ಏನಿದೆ ಇದರಲ್ಲಿ ನಗೋಕೆ?

ಹೊರಟಾಯ್ತು ಅಂದ್ರೆ ಹೊರಟಾಯ್ತು! ಹೋದ ವರ್ಷ ಹೊರಡ್ಲಿಲ್ವಾ? ನೀನು ಎಲ್ಲಿದ್ದೆ ಅವತ್ತು? ಸೇತುವೆ ಆಚೆ, ಆಸ್ಪತ್ರೆ ಲ್ಯಾಬಲ್ಲಿ. ಸೇತುವೆ ಮುಚ್ಚಿದ್ರು, ಮಾರನೇ ದಿನ ಮಧ್ಯಾಹ್ನದವರೆಗೂ ನೀನು ಬರೋಕಾಗ್ಲಿಲ್ಲ. ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ಇಲ್ಲಿ ಯಾರಿದ್ರು? ನಾನಿದ್ದೆ. ಎರಡೂವರೆಗೆ ಸ್ಕೂಲಿಂದ ಫೋನ್ ಬಂತು. ‘ಹೊರಟೆ’ ಅಂದೆ. ಕೆಳಗೆ ಅಂಗಡಿ ಷಟರ್ ಎಳೆದೆ, ಹೊರಟೆ. ಹತ್ತು ನಿಮಿಷದ ದಾರಿಗೆ ಒಂದು ಗಂಟೆ ಹಿಡೀತು! ಎದೆ ಮಟ್ಟ ನೀರು, ಬೀದಿ ತುಂಬ ಎದೆ ಮಟ್ಟ…

ಕೈ ಯಾಕೆ ಹಾಗೆ ಇಟ್ಟು ತೋರಿಸ್ತೀಯ? ಸೊಂಟನಾ? ಹೋದ ಸಲ ಸೊಂಟ ಅಂದಿದ್ನಾ? ಮತ್ತೆ ಇನ್ನೂ ಕೆಳಗೆ… ಮೊದಲನೇ ಸಲ ತೊಡೆ ಅಂದಿದ್ನಾ? ಸೊಂಟ, ತೊಡೆ, ಎದೆ, ನಾನೇನು ದರ್ಜಿಯ ಟೇಪ್ ಹಿಡ್ಕೊಂಡು ಹೋಗಿದ್ನಾ ಅಳತೆ ತಗೊಳ್ಳೋಕೆ? ತಗ್ಗು ಇರೋ ಕಡೆ ಎದೆ, ದಿಣ್ಣೆ ಇರೋ ಕಡೆ ಸೊಂಟ! ಮೂರೂವರೆಗೆ ಸರಿಯಾಗಿ ಸ್ಕೂಲಿನ ಗೇಟಲ್ಲಿದ್ದೆ. ಗುಬ್ಬಿನ ಹೆಗಲ ಮೇಲೆ ಕೂರಿಸ್ಕೊಂಡು, ಒಂದು ಹನಿ ತಾಕದ ಹಾಗೆ ಮನೆಗೆ ತಂದೆ. ನಾಲ್ಕು ಗಂಟೆಗೆ ನೀನು ಫೋನ್ ಮಾಡಿದಾಗ ಏನಂದೆ? ‘ಮಲಗಿದಾಳೆ, ಎಬ್ಬಿಸೋದು ಬೇಡ’ ಅಂದೆ. ಅನ್ಲಿಲ್ವಾ? ಇಡೀ ಬೀದಿಗೆ ಗೊತ್ತು ಈ ಕಥೆ. ಹಾಲಿನ ಬೂತಿನವರು ಇವತ್ತಿಗೂ ನನ್ನ ಕಂಡ್ರೆ ಎದ್ದು ನಿಲ್ತಾರೆ. ಹೆಂಡ್ತಿ ಒಬ್ಬಳು, ಮೂಗಲ್ಲಿ ನಗ್ತಾಳೆ.

ಬಿಡು. ಕಾಗದ ಆಮೇಲೆ ನೋಡೋಣ. ಮುಂದಿಂದು ಏನು? ‘ಮಗು ತಾನೇ ಬರೆದ ಒಂದು ಚಿತ್ರ. ಪರಿಚಿತ ವಸ್ತುವು ಮಗುವಿಗೆ ಸಮಾಧಾನ ಕೊಡುತ್ತದೆ.’ ಇದು ಪರವಾಗಿಲ್ಲ, ಮನುಷ್ಯರು ಬರೆದ ಹಾಗಿದೆ. ಅವಳ ಚಿತ್ರದ ಫೈಲು ತಂದೇ ಬಿಟ್ಟಿದೀಯ? ಎಲ್ಲಾ ತಯಾರಿ ಮಾಡ್ಕೊಂಡೇ ಕೂತಿದೀಯಪ್ಪ.

ಕೊಡು ನೋಡೋಣ. ಆಹಾ! ಬೆಕ್ಕು. ಇದು ಬೆಕ್ಕು ತಾನೆ? ಐದು ಕಾಲಿದೆ… ಒಂದು ಬಾಲ ಇರ್ಬೇಕು. ಇದು ದೋಣಿ. ಇದು ನಾವು ಮೂರು ಜನ, ನನ್ನ ಹೊಟ್ಟೆ ನೋಡು ಎಷ್ಟು ಬರೆದಿದಾಳೆ! ಇದಕ್ಕೆ ಯಾರು ಹೇಳಿಕೊಟ್ರು, ನೀನೇನಾ? ನೋಡ್ದ್ಯಾ, ನೋಡ್ದ್ಯಾ… ಬೆಕ್ಕಿನ ಮೇಲೆ ಗೋಡೇಲಿ ಗಡಿಯಾರ. ದೋಣಿ ಮೇಲೆ ಆಕಾಶದಲ್ಲಿ ಗಡಿಯಾರ! ಸೂರ್ಯ ಇರ್ಬೇಕಾದ ಜಾಗದಲ್ಲಿ! ಯಾರ ಮಗಳು ಹೇಳು? ವಾಚ್ ರಿಪೇರಿಯವನ ಮಗಳು ಕಣೇ! ರಕ್ತದಲ್ಲಿ ಬಂದಿದೆ. ನಿನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿ ನೋಡು, ಅವಳ ರಕ್ತದಲ್ಲಿ ಟಿಕ್ ಟಿಕ್ ಅಂತ ಕೇಳುತ್ತೆ.

ಇನ್ನೊಂದು. ಇದರಲ್ಲೂ ಗಡಿಯಾರ. ಇದರಲ್ಲೂ. ಎಲ್ಲಾ ಒಂದೇ ಟೈಮ್ ತೋರಿಸ್ತಿವೆಯಲ್ಲ, ಹ್ಹ! ಬ್ಯಾಟರಿ ಮುಗಿದಿರ್ಬೇಕು, ಅಂಗಡಿಗೆ ಕಳಿಸು. ಆದ್ರೆ ಕೈಚಳಕ ನೋಡು. ಚಿಕ್ಕ ಮುಳ್ಳು ಏಳರ ಹತ್ರ. ಏಳರ ಮೇಲೆ ಅಲ್ಲ, ಒಂದು ಕೂದಲೆಳೆ ಹಿಂದೆ. ದೊಡ್ಡದು ಹತ್ತರ ಮೇಲೆ. ಏಳಕ್ಕೆ ಹತ್ತು ನಿಮಿಷ ಅಂದ್ರೆ ಚಿಕ್ಕ ಮುಳ್ಳು ಅಲ್ಲೇ ಇರ್ಬೇಕು! ದೊಡ್ಡೋರು ಬರೆದ್ರೂ ಇಲ್ಲಿ ತಪ್ಪು ಮಾಡ್ತಾರೆ. ಇವಳು ಕಣ್ಣಲ್ಲಿ ನೋಡಿ ನೋಡಿ, ಹಾಗೇ ಇಳಿಸಿದಾಳೆ.

ತಾಳು. ಇದು ಸುಮ್ನೆ ಯಾವುದೋ ಗಡಿಯಾರ ಅಲ್ಲ. ತಲೆ ಮೇಲೆ ಹಕ್ಕಿ ಇದೆ ನೋಡು, ಒಂದೇ ರೆಕ್ಕೆ. ನಾಲ್ಕರ ಹತ್ರ ಗಾಜು ಬಿರುಕು. ಇದು ಬೈಂಡಿಂಗ್ ಅಕ್ಕನ ಗಡಿಯಾರ ಕಣೇ! ಸ್ಕೂಲಿನ ಎದುರುಗಡೆ ಪುಸ್ತಕ ಬೈಂಡ್ ಮಾಡ್ತಾರಲ್ಲ, ಅವರದ್ದು! ನಾನು ಗುರುತು ಹಿಡೀದೆ ಇರ್ತೀನಾ? ಪ್ರತಿ ವರ್ಷ ನಾನೇ ಹೋಗಿ ಎಣ್ಣೆ ಹಾಕೋದು. ಗೋಡೆಯಿಂದ ಇಳಿಸೋಕೇ ಬಿಡಲ್ಲ ಪುಣ್ಯಾತ್ಗಿತ್ತಿ. ‘ನಮ್ಮಪ್ಪ ನೇತು ಹಾಕಿದ್ದು, ಅಲ್ಲೇ ಇರ್ಬೇಕು’ ಅಂತಾರೆ. ನಾನೇ ಪೆಟ್ಟಿಗೆ ಹೊತ್ಕೊಂಡು ಆ ಕಡಿದಾದ ಮೆಟ್ಟಿಲು ಹತ್ತಿ ಮಹಡಿಗೆ ಹೋಗ್ಬೇಕು. ಆದ್ರೆ ಏನು ಗಡಿಯಾರ ಅಂತೀಯ, ಒಂದು ನಿಮಿಷ ಆಚೆ ಈಚೆ ಆಗಲ್ಲ… ಆ ಮಹಡಿಯಲ್ಲಿ ಕೂತ್ರೆ… ಎದುರಿಗೆ ಅದೇ…

…

ಎಲ್ಲೋ ನೋಡಿರ್ತಾಳೆ ಬಿಡು. ಮಕ್ಕಳು, ಏನೇನೋ ನೋಡ್ತಾರೆ. ಬೀದಿಯಿಂದ ಕಂಡಿರ್ಬೇಕು, ಕಿಟಕಿಯಿಂದ… ಮಹಡಿ ಕಿಟಕಿ ಹಿತ್ತಲ ಕಡೆಗೆ ಇರೋದು. ಹೌದು. ಗೊತ್ತು ನಂಗೆ.

ಯಾಕೆ ಎಲ್ಲಾನೂ ಸಾಲಾಗಿ ಜೋಡಿಸ್ತೀಯ? ಮೇಜು ತುಂಬ ಹರಡ್ಬೇಡ, ಆಮೇಲೆ ಎತ್ತಿಡೋರು ಯಾರು? ಒಂದು ಸಾಕು ಅಂತ ಪಟ್ಟಿಯಲ್ಲೇ ಇದೆ… ಹನ್ನೊಂದು, ಹನ್ನೆರಡು… ಹದಿನಾಲ್ಕು. ಹದಿನಾಲ್ಕಕ್ಕೂ ಒಂದೇ ಟೈಮು. ಮೊದಲನೇದರ ಮೂಲೆಯಲ್ಲಿ ಟೀಚರ್ ತಾರೀಕು ಹಾಕಿದಾರೆ. ನೆರೆ ಆಗಿ ಮೂರನೇ ದಿನ.

ಏನಾದ್ರೂ ಮಾತಾಡೇ. ಬೈಯಿ. ಚಿತ್ರ ಎತ್ತಿ ಮುಖಕ್ಕೆ ಎಸಿ. ಹೀಗೆ ಕೈ ಕಟ್ಕೊಂಡು ಕೂತ್ರೆ ನಾನು ಏನಂತ ತಿಳ್ಕೊಳ್ಲಿ?

ಸರಿ, ಸ್ವಲ್ಪ ಲೇಟಾಯ್ತು. ಅದಕ್ಕೇನೀಗ? ಅಂಗಡಿಯಲ್ಲಿ ಇನ್ನೂರಕ್ಕೂ ಮೇಲೆ ವಾಚುಗಳಿದ್ವು, ಎಲ್ಲಾ ಗಿರಾಕಿಗಳದ್ದು. ಯಾರದೋ ತಾತಂದು, ಯಾರದೋ ಮದುವೆಯದ್ದು. ನಂಬಿ ಕೊಟ್ಟಿರ್ತಾರೆ. ನೀರಿಗೆ ಬಿಟ್ಟು ಬರೋಕಾಗುತ್ತಾ? ಒಂದೊಂದಾಗಿ ಪೊಟ್ಟಣ ಕಟ್ಟಿ ಮೇಲೆ ಸಾಗಿಸ್ತಿದ್ದೆ. ಅದಕ್ಕೇ…

ಇಲ್ಲ. ಅದೂ ಅಲ್ಲ. ವಾಚುಗಳದ್ದು ಅರ್ಧ ಗಂಟೆ ಕೆಲಸ. ಮೂರಕ್ಕೆ ಮುಗೀತು.

ಆಮೇಲೆ ಮೆಟ್ಟಿಲ ಮೇಲೆ ನಿಂತಿದ್ದೆ. ಅಂಗಡಿ ಮುಂದಿನ ಮೂರನೇ ಮೆಟ್ಟಿಲು. ನೀರು ಕಂದು ಬಣ್ಣ, ತಳ ಕಾಣ್ತಿರಲಿಲ್ಲ. ಒಂದು ಕುರ್ಚಿ ತೇಲ್ಕೊಂಡು ಹೋಯ್ತು, ಯಾರೋ ಕೂತಿರೋ ಹಾಗೆ ನೆಟ್ಟಗೆ. ಕಾಲು ಇಟ್ಟೆ, ತೆಗೆದೆ. ಮತ್ತೆ ಇಟ್ಟೆ, ಮತ್ತೆ ತೆಗೆದೆ. ನಮ್ಮ ಪೋಸ್ಟ್‌ಮ್ಯಾನ್ ಎದುರಿಂದ ಸೈಕಲ್ ತಳ್ಕೊಂಡು ಹೋದ. ‘ಏನು ಸಾರ್, ನೀರು ನೋಡ್ತಿದೀರಾ?’ ಅಂತ ಕೇಳಿದ. ನೀರು ಅವನ ಸೈಕಲ್ಲಿನ ಪೆಡಲ್‌ವರೆಗೆ ಇತ್ತು. ಎದೆ ಅಲ್ಲ, ಸೊಂಟ ಅಲ್ಲ. ಪೆಡಲ್. ನನ್ನ ಮೊಣಕಾಲಿಗೂ ಬರ್ತಿರಲಿಲ್ಲ. ‘ಹೂಂ, ನೋಡ್ತಿದೀನಿ’ ಅಂದೆ.

ಸ್ಕೂಲಿಂದ ಆರು ಸಲ ಫೋನ್ ಬಂತು. ಆರು ಸಲವೂ ‘ದಾರೀಲಿದೀನಿ’ ಅಂದೆ. ಆಮೇಲೆ ನಿನ್ನ ಫೋನ್. ‘ಗುಬ್ಬಿ?’ ಅಂದೆ ನೀನು, ಅಷ್ಟೇ. ಮಲಗಿದಾಳೆ ಅಂತ ಬಾಯಿಗೆ ಬಂತು. ಇನ್ನು ಐದು ನಿಮಿಷದಲ್ಲಿ ಹೋಗಿ ಕರ್ಕೊಂಡು ಬಂದು ನಿಜವಾಗ್ಲೂ ಮಲಗಿಸಿಬಿಡ್ತೀನಿ, ಆಗ ಅದು ಸುಳ್ಳೇ ಆಗಲ್ಲ ಅಂದ್ಕೊಂಡೆ. ನಾಲ್ಕೂವರೆಗೂ ಹಾಗೇ ಅಂದ್ಕೊಂಡೆ. ಐದಕ್ಕೂ. ನೀರು ಇಳಿದು, ಬೀದಿಯ ಕಲ್ಲು ಕಂಡ ಮೇಲೆ ಕೆಳಗಿಳಿದೆ. ಸ್ಕೂಲಿಗೆ ಬೀಗ ಹಾಕಿದ್ರು. ಎದುರಿನ ಬಾಗಿಲಿಂದ ಬೈಂಡಿಂಗ್ ಅಕ್ಕ ಕೂಗಿದ್ರು, ‘ಮಹಡಿಯಲ್ಲಿದಾಳೆ, ಬನ್ನಿ’ ಅಂತ. ಸ್ಕೂಲಲ್ಲಿ ಉಳಿದಿದ್ದು ಇವಳೊಬ್ಬಳೇ ಅಂತೆ. ಕ್ಲಾಸಿಗೆ ನೀರು ಬಂದಾಗ ಅವರೇ ಬಂದು ಎತ್ಕೊಂಡು ಹೋಗಿದಾರೆ. ಪುಸ್ತಕದ ಮೂಟೆ ಮೇಲೆ ಕೂತಿದ್ಳು, ಗಡಿಯಾರದ ಎದುರಿಗೆ. ಅಳ್ತಿರಲಿಲ್ಲ. ಅತ್ತಿದ್ರೆ ಚೆನ್ನಾಗಿತ್ತು.

ನಾನು ಅವಳನ್ನ ಹೆಗಲ ಮೇಲೆ ಹೊತ್ತಿದ್ದು ನಿಜ ಕಣೇ. ಅದೊಂದು ನಿಜ. ನೀರಿಳಿದ ರಸ್ತೆಯಲ್ಲಿ. ಆಗ್ಲೇ ಹೇಳ್ದೆ, ‘ಅಮ್ಮ ಕೇಳಿದ್ರೆ ಅಪ್ಪ ಬೇಗ ಬಂದ್ರು ಅನ್ನು. ಮೂರೂವರೆಗೆ ಬಂದ್ರು ಅನ್ನು’ ಅಂತ. ಅವಳು, ‘ಮೂರೂವರೆ ಅಂದ್ರೆ ಮುಳ್ಳು ಎಲ್ಲಿರುತ್ತೆ ಅಪ್ಪಾ?’ ಅಂದ್ಳು. ಗಡಿಯಾರ ನೋಡೋಕೆ ಬರ್ತಿರಲಿಲ್ಲ ಆಗ. ಹೇಳಿಕೊಟ್ಟೆ. ಚಿಕ್ಕ ಮುಳ್ಳು ಮೂರು ದಾಟಿ, ದೊಡ್ಡದು ಆರರ ಮೇಲೆ. ಅವಳಿಗೆ ನಾನು ಕಲಿಸಿದ ಮೊದಲನೇ ಟೈಮು ಅದು. ವಾಚ್ ರಿಪೇರಿಯವನು!

ಬಾಯಿ ಬಿಟ್ಟಿಲ್ಲ ನೋಡು ಮಗು. ಒಂದು ವರ್ಷ. ಐಸ್‌ಕ್ರೀಮ್ ತಿಂದಿದ್ದು ಒಂದು ಗಂಟೆ ಮುಚ್ಚಿಡೋಕೆ ಬರಲ್ಲ ಅವಳಿಗೆ. ಇದನ್ನ ಮುಚ್ಚಿಟ್ಟಿದಾಳೆ. ನಾನು ಹಾಲಿನ ಬೂತಲ್ಲಿ ನಿಂತು ಎದೆ ಮಟ್ಟ, ಎದೆ ಮಟ್ಟ ಅನ್ನುವಾಗ ಪಕ್ಕದಲ್ಲೇ ನನ್ನ ಬೆರಳು ಹಿಡ್ಕೊಂಡು ನಿಂತಿರ್ತಾಳೆ. ತಲೆ ಎತ್ತಿ ನನ್ನ ನೋಡ್ತಾಳೆ, ಸುಮ್ನಿರ್ತಾಳೆ. ನಂಗೆ ಹೆಮ್ಮೆ ಆಗ್ತಿತ್ತು. ಅಪ್ಪನ್ನ ಕಂಡ್ರೆ ಎಷ್ಟು ಪ್ರೀತಿ ಅಂತ.

ನಾಚಿಕೆ ಆಗುತ್ತೆ. ಹೇಳಿಬಿಟ್ಟೆ. ನಾಚಿಕೆ ಆಗುತ್ತೆ ಕಣೇ.

ನಿಂಗೆ ಯಾವಾಗಿಂದ ಗೊತ್ತು? ಹೇಳಲ್ವಾ? ಏನದು… ಇನ್ನೊಂದು ಹಾಳೆ ಇತ್ತಾ? ‘ತುರ್ತು ಸಂದರ್ಭದಲ್ಲಿ ಮಗುವನ್ನು ಕರೆದೊಯ್ಯುವವರ ವಿವರ. ಮೊದಲು ಯಾರಿಗೆ ಫೋನ್ ಮಾಡಬೇಕೋ ಅವರ ಹೆಸರು ಮೊದಲನೇ ಸಾಲಿನಲ್ಲಿರಲಿ. ಪ್ರತಿಯೊಬ್ಬರ ಸಹಿ ಕಡ್ಡಾಯ.’

ಮೊದಲನೇ ಸಾಲು ಆಗ್ಲೇ ತುಂಬಿದೀಯ. ಬೈಂಡಿಂಗ್ ಅಕ್ಕ. ಸಹಿನೂ ಇದೆ, ಹೋದ ಸೋಮವಾರದ್ದು. ಅಕ್ಷರದ ಮೇಲೆ ಗೋಂದು ಹತ್ತಿದೆ. ನೀನು ಹೋಗಿದ್ದೆ ಅವರ ಹತ್ರ. ಆ ಮಹಡಿ ಹತ್ತಿದ್ದೆ. ಗಡಿಯಾರ ನೋಡಿ ಬಂದಿದೀಯ. ಎರಡನೇ ಸಾಲು, ನೀನು. ಸೇತುವೆ ಆಚೆ ಇರೋಳು, ಸೇತುವೆ ಮುಚ್ಚಿದ್ರೆ ಬರೋಕೇ ಆಗದೋಳು ಎರಡನೇ ಸಾಲು.

ಇಲ್ಲ, ನಾನೇನೂ ಅಂತಿಲ್ಲ. ಸರಿಯಾಗಿದೆ. ಸರಿಯಾಗೇ ಇದೆ.

ಆ ವಾಚ್ ಬೇಡ ಅಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ಪೆಟ್ಟಿಗೆಗೆ ವಾಪಸ್ ಹಾಕ್ತೀನಿ. ಎಷ್ಟು ಹೊತ್ತಾಯ್ತು ಅಂತ ಮಗು ನೋಡ್ಕೊಂಡು ಕೂರೋದು ಬೇಡ.

ಆ ಕಾಗದ ಕೊಡು. ಇದನ್ನ ಹೊಡೆದು ಹಾಕ್ತೀನಿ, ‘ಅಪ್ಪ ಹೊರಟಾಯ್ತು’ ಅನ್ನೋದನ್ನ. ಹೀಗೆ ಬರೀಲಾ? ‘ಗುಬ್ಬೀ, ಹೆದರಬೇಡ. ಬೈಂಡಿಂಗ್ ಅಕ್ಕ ಬರ್ತಾರೆ. ಅವತ್ತು ಏಳಕ್ಕೆ ಹತ್ತು ನಿಮಿಷ ಇತ್ತು. ಅಮ್ಮನಿಗೆ ಅಪ್ಪನೇ ಹೇಳಿದಾನೆ. ಇನ್ನು ನೀನು ಅದನ್ನ ಮುಚ್ಚಿಡೋದು ಬೇಡ.’ ನಾಲ್ಕು ಸಾಲಾಯ್ತು. ಟೀಚರ್ ಓದಿದ್ರೆ ಓದ್ಕೊಳ್ಲಿ. ಇಲ್ಲ… ಪ್ರವಾಹ ಬರೋವರೆಗೂ ಯಾಕೆ ಕಾಯೋದು? ಮೂರೂವರೆಗೆ ಸ್ಕೂಲು ಬಿಡುತ್ತೆ. ನಾನೇ ಹೋಗಿ ಗೇಟಲ್ಲಿ ನಿಂತು ಹೇಳ್ತೀನಿ. ಈಗಲೇ ಹೊರಡ್ತೀನಿ, ಇನ್ನೂ ಹೊತ್ತಿದೆ ಅಂತ ಗೊತ್ತು. ಬೇಗ ಹೋಗಿ ನಿಲ್ತೀನಿ.

ಮೂರನೇ ಸಾಲು ಖಾಲಿ ಬಿಟ್ಟಿದೀಯಲ್ಲ… ಇದು ನಂಗಾ?

ಹೂಂ ಅನ್ನು, ಇಲ್ಲ ಅನ್ನು. ಏನಾದ್ರೂ ಅನ್ನು.

ಸರಿ. ಕೊಡು, ಬರೀತೀನಿ. ಪೆನ್ನು ಬೇಡ, ಅದನ್ನ ಅಳಿಸೋಕಾಗಲ್ಲ. ಅವಳ ಪೆನ್ಸಿಲ್ ಇದ್ರೆ ಕೊಡು.